ಫಿಲ್ಟರ್ 540 ರೂಪಾಯಿ, ಟರ್ಬೋ 72 ಸಾವಿರ

ಸಂಡೂರು ಕಡೆ ಗಾಡಿ ಓಡಿಸುವವರಿಗೆ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಳ್ಳಾರಿಯಿಂದ ಬಿಳಿ ಗಾಡಿ ಹೊರಡುತ್ತದೆ, ಸಂಜೆ ಇಟ್ಟಿಗೆ ಬಣ್ಣದ ಗಾಡಿ ಮನೆಗೆ ಬರುತ್ತದೆ. ನಾನು ಹಳದಿ ಬೋರ್ಡ್ ಡೀಸೆಲ್ ಕಾರು ಇಟ್ಟುಕೊಂಡಿದ್ದೇನೆ. ಡ್ರೈವರೂ ನಾನೇ, ಓನರೂ ನಾನೇ. ತೋರಣಗಲ್ಲು ಫ್ಯಾಕ್ಟರಿಗೆ ಬರುವ ಇಂಜಿನಿಯರ್‌ಗಳನ್ನು ಬಿಡುವುದು, ದೋಣಿಮಲೈ ಕಡೆ ಬಾಡಿಗೆ, ಭಾನುವಾರ ಹಂಪಿ ಟ್ರಿಪ್ಪು. ಇದೇ ನನ್ನ ಕೆಲಸ.

ಗಾಡಿಗೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಇತ್ತು. ಯಾವುದು ಮೊದಲು ಮುಗಿಯುತ್ತದೋ ಅದು. ಎರಡೂವರೆ ವರ್ಷ ಆಗಿತ್ತು, ಮೀಟರಿನಲ್ಲಿ 71 ಸಾವಿರ ಚಿಲ್ಲರೆ. ಒಂದು ಮಧ್ಯಾಹ್ನ ಸಂಡೂರು ಘಾಟ್ ಹತ್ತುವಾಗ ಬಾನೆಟ್ಟಿನೊಳಗಿಂದ ಆಂಬುಲೆನ್ಸ್ ಸೈರನ್ ಥರ ಸದ್ದು ಬಂತು. ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಎರಡರಲ್ಲೂ ಎಳೆಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಹಿಂದೆ ಕೂತಿದ್ದ ಸಾಹೇಬರು "ಏನಾಯ್ತ್ರೀ" ಅಂದರು. ನನಗೂ ಗೊತ್ತಿರಲಿಲ್ಲ. ಅವರಿಗೆ ಬೇರೆ ಗಾಡಿ ಹತ್ತಿಸಿ, ನನ್ನದನ್ನು ಎಳೆಸಿಕೊಂಡು ಬಳ್ಳಾರಿಯ ಶೋರೂಮ್ ವರ್ಕ್‌ಶಾಪಿಗೆ ತಂದೆ.

ಮರುದಿನ ಸರ್ವಿಸ್ ಅಡ್ವೈಸರ್ ಫೋನ್ ಮಾಡಿದ. "ಅಣ್ಣಾ, ಟರ್ಬೋ ಹೋಗಿದೆ. ಒಳಗೆ ನೋಡಿದ್ವಿ, ಏರ್ ಫಿಲ್ಟರ್ ನಮ್ದಲ್ಲ. ಹೊರಗಿನ ಮಾಲು ಹಾಕಿದ್ರೆ ವಾರಂಟಿ ಬರಲ್ಲ. ಎಸ್ಟಿಮೇಟ್ 72 ಸಾವಿರ ಆಗುತ್ತೆ, ಓಕೆ ಅಂದ್ರೆ ಪಾರ್ಟ್ ಆರ್ಡರ್ ಹಾಕ್ತೀನಿ."

ಟರ್ಬೋ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ, ಆ ಗಾಳಿಯ ಧೂಳು ತಡೆಯುವುದು ಏರ್ ಫಿಲ್ಟರ್. ಫಿಲ್ಟರ್ ಹೊರಗಿನದು ಅನ್ನುವುದು ನಿಜ. ನಮ್ಮ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಧೂಳಿನ ಜಾಗದಲ್ಲಿ ಓಡುವ ಗಾಡಿಗೆ ಬೇಗ ಬದಲಾಯಿಸಿ ಅಂತ ಕಂಪನಿ ಪುಸ್ತಕದಲ್ಲೇ ಬರೆದಿದೆ. 52 ಸಾವಿರಕ್ಕೆ ಬದಲಾಯಿಸಲು ಹೋದಾಗ ಶೋರೂಮಿನಲ್ಲಿ ಸ್ಟಾಕ್ ಇರಲಿಲ್ಲ. 12 ದಿನ ಆಗುತ್ತೆ ಅಂದರು. 12 ದಿನ ಹಳೇ ಫಿಲ್ಟರಿನಲ್ಲಿ ಸಂಡೂರಿಗೆ ಓಡಿಸುವುದೋ, ಬಾಡಿಗೆ ಬಿಟ್ಟು ಮನೇಲಿ ಕೂರುವುದೋ? ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಕಾರ್ ಕಂಪನಿಗಳಿಗೇ ಫಿಲ್ಟರ್ ಮಾಡಿಕೊಡುವ ಒಂದು ಬ್ರ್ಯಾಂಡಿನದು ತಂದು ಹಾಕಿದೆ. ಬೆಲೆ 540 ರೂಪಾಯಿ. ಪುಣ್ಯಕ್ಕೆ ಜಿಎಸ್‌ಟಿ ಬಿಲ್ ತಗೊಂಡಿದ್ದೆ. ಅದರಲ್ಲಿ ಪಾರ್ಟ್ ನಂಬರೂ ಇತ್ತು. ಬಿಲ್ ಬೇಡ ಅಂದರೆ ನಲವತ್ತು ಐವತ್ತು ರೂಪಾಯಿ ಬಿಡುತ್ತಾರೆ ಅಲ್ವಾ, ಆ ಆಸೆಗೆ ಸುಮಾರು ಸಲ ಬಿದ್ದಿದ್ದೇನೆ. ಅವತ್ತು ಬೀಳಲಿಲ್ಲ ಅಷ್ಟೆ.

ಸಿಟ್ಟು ಬಂದು ವರ್ಕ್‌ಶಾಪಿಗೆ ಹೋದೆ. ಮ್ಯಾನೇಜರ್ ಮುಂದೆ ಅರ್ಧ ಗಂಟೆ ಕೂಗಾಡಿದೆ. ಏನೂ ಆಗಲಿಲ್ಲ. "ಒರಿಜಿನಲ್ ಹಾಕ್ಬೇಕಿತ್ತು ಸಾರ್" ಅಂತ ಒಂದೇ ಮಾತು. ಮನೆಗೆ ಬಂದರೆ ಅಕ್ಕನ ಮಗ ಮೊಬೈಲ್ ಹಿಡಿದು, "ಮಾಮಾ, ಹೊರಗಿನ ಪಾರ್ಟ್ ಹಾಕಿದ್ರೂ ವಾರಂಟಿ ಕೊಡ್ಲೇಬೇಕು ಅಂತ ಕಾನೂನಿದೆ" ಅಂದ. ನಾನೂ ಹುರುಪಿನಿಂದ ಮರುದಿನ ಹೋಗಿ ಅದನ್ನೇ ಹೇಳಿದೆ. ಮ್ಯಾನೇಜರ್ ಫೋನ್ ಇಸಿದುಕೊಂಡು ನೋಡಿ ನಕ್ಕುಬಿಟ್ಟ. ಅದು ಅಮೆರಿಕದ ಕಾನೂನು, ಮ್ಯಾಗ್ನಸನ್ ಮಾಸ್ ಅಂತ, 1975ರದು. "ಸಾರ್, ಇದು ಬಳ್ಳಾರಿ" ಅಂದ. ನಾಚಿಕೆಯಾಯಿತು.

ಹಾಗಾದರೆ ನಮ್ಮಲ್ಲಿ ಏನೂ ಇಲ್ವಾ? ಇದೆ. ನಮ್ಮ ದೇಶದ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರ್ ಕಂಪನಿಗಳ ಮೇಲೆ ಒಂದು ಆದೇಶ ಮಾಡಿತ್ತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2,500 ಕೋಟಿಗೂ ಮೀರಿ ದಂಡ ಹಾಕಿತ್ತು. ಕೆಲವು ಕಂಪನಿಗಳು ಮೇಲ್ಮನವಿ ಹೋಗಿ ದಂಡ ಕಡಿಮೆ ಮಾಡಿಸಿಕೊಂಡವು, ಅದು ಬೇರೆ ಕಥೆ. ನನಗೆ ಬೇಕಾಗಿದ್ದದ್ದು ಅದರೊಳಗಿನ ಒಂದು ಮಾತು. ಹೊರಗೆ ರಿಪೇರಿ ಮಾಡಿಸಿದ ಅಂತ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು. ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿ ಆಗಿದೆಯೋ ಅಷ್ಟಕ್ಕೆ ಮಾತ್ರ ವಾರಂಟಿ ತೆಗೆಯಬಹುದು.

ಆಮೇಲೆ ನನ್ನದೇ ಗಾಡಿಯ ವಾರಂಟಿ ಪುಸ್ತಕ ತೆಗೆದೆ. ಎರಡೂವರೆ ವರ್ಷ ಡ್ಯಾಶ್‌ಬೋರ್ಡಿನಲ್ಲಿ ಇತ್ತು, ಒಂದು ದಿನ ಬಿಚ್ಚಿದವನಲ್ಲ. ಅಳಿಯ ಓದಿ ಹೇಳಿದ. ಹೊರಗಿನ ಬಿಡಿಭಾಗದ "ಕಾರಣದಿಂದ ಆದ" ದೋಷಕ್ಕೆ ವಾರಂಟಿ ಇಲ್ಲ ಅಂತ ಅದರಲ್ಲಿ ಇತ್ತು. ಹಾಕಿದರೇ ವಾರಂಟಿ ಇಲ್ಲ ಅಂತ ಎಲ್ಲೂ ಇರಲಿಲ್ಲ. ಜಗಳ ಎಲ್ಲಿದೆ ಅಂತ ಅವತ್ತು ಗೊತ್ತಾಯಿತು. ಫಿಲ್ಟರ್ ಯಾರದು ಅನ್ನುವುದಲ್ಲ ಪ್ರಶ್ನೆ, ಆ ಫಿಲ್ಟರಿನಿಂದಲೇ ಟರ್ಬೋ ಹೋಯಿತಾ? ಅದನ್ನು ಅವರು ತೋರಿಸಬೇಕು.

ಇದಕ್ಕೆ ಉತ್ತರ ಸಿಕ್ಕಿದ್ದು ಕೌಲ್ ಬಜಾರಿನಲ್ಲಿ. ಅಲ್ಲಿ ಅದಿರು ಟಿಪ್ಪರ್‌ಗಳ ಟರ್ಬೋ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ಧೂಳು ತಿಂದ ಟರ್ಬೋ ಅವರಷ್ಟು ನೋಡಿದವರು ಕಡಿಮೆ. ವರ್ಕ್‌ಶಾಪಿನಲ್ಲಿ ತೆಗೆದುಕೊಂಡ ಫೋಟೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಫೋಟೋ ಹಿಗ್ಗಿಸಿ ನೋಡಿದರು. ಒಳಗೆ ಹೋಗಿ ಎಣ್ಣೆ ಮೆತ್ತಿದ ಡಬ್ಬಿಯಿಂದ ಒಂದು ಹಳೇ ಚಕ್ರ ತಂದು ನನ್ನ ಅಂಗೈ ಮೇಲೆ ಇಟ್ಟರು.

"ಇದು ಧೂಳು ತಿಂದಿದ್ದು. ಮುಟ್ಟಿ ನೋಡು."

ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ಚಕ್ರ. ಟರ್ಬೋದೊಳಗೆ ಗಾಳಿ ಎಳೆಯುವ ಕಡೆ ಇರುವುದು ಇದು, ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಆ ವೇಗದಲ್ಲಿ ಮರಳಿನ ಕಣ ಬಡಿದರೆ ಉಜ್ಜುಕಾಗದ ಹಿಡಿದಂತೆ. ಅದರ ರೆಕ್ಕೆಗಳ ಮುಂದಿನ ಅಂಚು ಮೊಂಡಾಗಿ, ಇಲಿ ಕಡಿದ ರೊಟ್ಟಿಯ ಹಾಗೆ ಹಲ್ಲು ಹಲ್ಲಾಗಿತ್ತು.

"ಈಗ ನಿನ್ನ ಫೋಟೋ ನೋಡು ತಮ್ಮಾ. ಗಾಳಿ ಬರೋ ಕಡೆ ಅಂಚು ಬ್ಲೇಡಿನಂಗೆ ಐತಿ. ಹೊರಗಿನ ತುದಿ ಮಾತ್ರ ಉಜ್ಜೈತಿ. ಅದು ಬೇರಿಂಗ್ ಹೋದ್ಮೇಲೆ ಚಕ್ರ ಅಲ್ಲಾಡಿ ಸುತ್ತಲಿನ ಕವಚಕ್ಕ ತಾಗಿದ್ದು. ಬೇರಿಂಗ್ ಯಾಕ ಹೋತು? ಆಯಿಲ್ ಸಿಕ್ಕಿಲ್ಲ. ಚಕ್ರದ ಶಾಫ್ಟ್ ಬಿಚ್ಚಿಸು, ಕಾದು ನೀಲಿ ಬಣ್ಣ ಆಗಿದ್ರೆ ನನ್ನ ಮಾತು ಖರೇ."

ಹಂಗೇ ಇನ್ನೊಂದು ಕೇಳಿದರು. "ಘಾಟ್ ಹತ್ತಿ ಬಂದ ಕೂಡ್ಲೇ ಆಫ್ ಮಾಡ್ತೀಯೇನು?" ಮಾಡುತ್ತೇನೆ. ಚಹಾ ಅಂಗಡಿ ಕಂಡರೆ ಕೀ ತಿರುಗಿಸುವುದೇ. ಕಾದ ಟರ್ಬೋದಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದಂತೆ. ಒಂದು ನಿಮಿಷ ಸುಮ್ನೆ ಆನ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬೇಕು. ಚೆನ್ನಾಗಿ ಬೈಸಿಕೊಂಡೆ. ಈ ಮಾತನ್ನು ಶೋರೂಮಿನಲ್ಲಿ ನಾನು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಆ ಚಕ್ರವನ್ನು ಕೇಳಿ ಪಡೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಶೋರೂಮಿಗೆ ಹೋದೆ. ಈ ಸಲ ಕೂಗಾಡಲಿಲ್ಲ. ಅಡ್ವೈಸರನ್ನು ಗಾಡಿ ಹತ್ತಿರ ಕರೆದು, ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಫಿಲ್ಟರ್ ಡಬ್ಬಿ ಬಿಚ್ಚಿಸಿದೆ. ಫಿಲ್ಟರಿನ ಕೆಳಗಡೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಧೂಳು. ಅಲ್ಲಿ ಇರಬೇಕಾದ್ದೇ ಅದು. ಮೇಲ್ಗಡೆ, ಅಂದರೆ ಗಾಳಿ ಟರ್ಬೋಗೆ ಹೋಗುವ ಪೈಪಿನೊಳಗೆ, ಒಂದು ಹಳೇ ಬಿಳಿ ಪಂಚೆಯ ತುಂಡು ಸುತ್ತಿ ಒರೆಸಲು ಹೇಳಿದೆ. ಬಟ್ಟೆಯ ಮೇಲೆ ತೆಳ್ಳಗೆ ಆಯಿಲ್ ಪಸೆ ಬಂತು. ಕೆಂಪು ಒಂದು ಚೂರೂ ಇಲ್ಲ. ಅಡ್ವೈಸರ್ ಬಟ್ಟೆ ನೋಡಿದ, ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕ್ಲೇಮ್ ಹಾಕಿ ಕಂಪನಿ ರಿಜೆಕ್ಟ್ ಮಾಡಿದರೆ ಖರ್ಚು ಡೀಲರ್ ತಲೆ ಮೇಲೆ ಬರುತ್ತದೆ, ಡೀಲರ್ ಇವನ ತಲೆ ಮೇಲೆ ಕೂರುತ್ತಾನೆ.

ಇನ್ನೊಂದು ಕಾಗದವೂ ನನ್ನ ಹತ್ತಿರ ಇತ್ತು. 60 ಸಾವಿರದ ಸರ್ವಿಸ್ ಬಿಲ್, ಇದೇ ವರ್ಕ್‌ಶಾಪಿನದು. ಅದರಲ್ಲಿ "ಏರ್ ಫಿಲ್ಟರ್ ಕ್ಲೀನ್" ಅಂತ ಲೇಬರ್ ಹಾಕಿದ್ದರು. ಅಂದರೆ ಇದೇ ಹೊರಗಿನ ಫಿಲ್ಟರನ್ನು ಇವರೇ ತೆಗೆದು, ಇವರೇ ಗಾಳಿ ಹೊಡೆದು, ಇವರೇ ವಾಪಸ್ ಹಾಕಿ ದುಡ್ಡು ತಗೊಂಡಿದ್ದಾರೆ. ಅವತ್ತು ತಪ್ಪಾಗದ್ದು ಇವತ್ತು ಹೇಗೆ ತಪ್ಪಾಯಿತು? ಆಯಿಲ್ ಬದಲಾಯಿಸಿದ ಬಿಲ್ಲುಗಳೂ ಅಷ್ಟೆ, ಎಲ್ಲಾ ಅವರವೇ.

ಮ್ಯಾನೇಜರ್ ಟೇಬಲ್ ಮೇಲೆ ಟಿಪ್ಪರಿನ ಚಕ್ರ ಇಟ್ಟೆ. ಪಕ್ಕದಲ್ಲಿ ನನ್ನ ಟರ್ಬೋ ತಂದು ಇಡಿ ಅಂದೆ. ಎರಡನ್ನೂ ನೋಡಿದ ಮೇಲೆ ಮಾತು ಬದಲಾಯಿತು. "ಸಾರ್, ನಿಮ್ದು ಹಳದಿ ಬೋರ್ಡ್. ಕಮರ್ಷಿಯಲ್. ನೀವು ಗ್ರಾಹಕರ ಕೋರ್ಟಿಗೆ ಹೋಗಕ್ಕೂ ಬರಲ್ಲ." ಇದನ್ನು ಕೇಳಿ ಎಷ್ಟೋ ಜನ ಡ್ರೈವರುಗಳು ವಾಪಸ್ ಬಂದಿದ್ದಾರೆ. ಅದು ಅರ್ಧ ಸತ್ಯ. ಲಾಭದ ವ್ಯಾಪಾರಕ್ಕೆ ಕೊಂಡವನು ಗ್ರಾಹಕ ಅಲ್ಲ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದೆ. ಆದರೆ ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಕೊಂಡು ತಾನೇ ಬಳಸುವವನು ಗ್ರಾಹಕನೇ ಅಂತ ಅದೇ ಜಾಗದಲ್ಲಿ ಬರೆದಿದೆ. ಹತ್ತು ಗಾಡಿ ಇಟ್ಟು ಡ್ರೈವರ್ ನೇಮಿಸಿದ ಟ್ರಾವೆಲ್ಸ್‌ನವರಿಗೆ ಇದು ಕಷ್ಟ. ಸ್ಟೀರಿಂಗ್ ಹಿಡಿಯುವ ನನ್ನಂಥವನಿಗೆ ದಾರಿ ಇದೆ. ಕಂಪನಿ ಆಫೀಸ್ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಫೀಸೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ವಕೀಲರು ಬೇಕೇ ಬೇಕು ಅಂತಿಲ್ಲ.

ಇಷ್ಟು ಹೇಳಿ ಎರಡು ಕೆಲಸ ಮಾಡಿದೆ. ಗಾಡಿಯ ಕೆಲಸ ಬರೆಯುವ ವರ್ಕ್‌ಶಾಪಿನ ಚೀಟಿ, ಅಂದರೆ ಜಾಬ್ ಕಾರ್ಡಿನ ಮೇಲೆ "ವಾರಂಟಿ ನಿರಾಕರಣೆಗೆ ಕಾರಣ ಏನು, ಹೊರಗಿನ ಫಿಲ್ಟರಿನಿಂದ ಈ ದೋಷ ಹೇಗೆ ಬಂತು, ಬರೆದು ಸೀಲ್ ಹಾಕಿ ಕೊಡಿ" ಅಂತ ಕೇಳಿದೆ. ಬಾಯಲ್ಲಿ ಹತ್ತು ಸಲ ಹೇಳಿದ ಮಾತನ್ನು ಯಾರೂ ಬರೆಯಲಿಲ್ಲ. ಪೆನ್ನು ಹಿಡಿದವರು ಫೋನ್ ಬಂತು ಅಂತ ಎದ್ದು ಹೋದರು. ಎರಡನೆಯದು, ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿಸಿದೆ. ಅಳಿಯ ಎರಡು ಪುಟ ಬರೆದಿದ್ದ, ಅದರಲ್ಲಿ ಅರ್ಧ ಸಿಟ್ಟು. ಅದೆಲ್ಲ ತೆಗೆಸಿ ಎಂಟು ಸಾಲಿಗೆ ಇಳಿಸಿದೆ. ಚಾಸಿ ನಂಬರ್, ಜಾಬ್ ಕಾರ್ಡ್ ನಂಬರ್, ಮೂರು ಫೋಟೋ, ಆ ಪಂಚೆ ತುಂಡಿನ ವಿಡಿಯೋ, 60 ಸಾವಿರದ ಬಿಲ್. ಟರ್ಬೋವನ್ನು ನನ್ನ ಎದುರಿಗೇ ಬಿಚ್ಚಬೇಕು, ಅಲ್ಲಿಯವರೆಗೆ ಸ್ಕ್ರ್ಯಾಪಿಗೆ ಹಾಕಬಾರದು ಅಂತ ಕೊನೆಯ ಸಾಲು. ನಾಲ್ಕು ದಿನ ಉತ್ತರ ಬರಲಿಲ್ಲ. ಐದನೇ ದಿನ 1915ಕ್ಕೆ, ಅದು ಕೇಂದ್ರದ ಗ್ರಾಹಕ ಸಹಾಯವಾಣಿ, ಫೋನ್ ಮಾಡಿ ದೂರು ಬರೆಸಿದೆ. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ. ನನಗೆ ಅಷ್ಟು ಸಾಕಾಗಿತ್ತು.

ಮುಂದಿನ ವಾರ ಕಂಪನಿಯ ಏರಿಯಾ ಸರ್ವಿಸ್‌ನವರು ಬಂದರು. ಟರ್ಬೋ ಬಿಚ್ಚಿದರು. ಶಾಫ್ಟಿನ ನಡುವೆ ನವಿಲಿನ ಕೊರಳಿನ ಬಣ್ಣ, ನೀಲಿ ನೇರಳೆ. ಆಯಿಲ್ ಬರುವ ಸಣ್ಣ ಪೈಪಿನ ಬೋಲ್ಟ್ ತೆಗೆದು ಬೆಳಕಿಗೆ ಹಿಡಿದರು. ಅದರ ತೂತು ಮುಕ್ಕಾಲು ಪಾಲು ಕರಿ ಕಟ್ಟಿ ಮುಚ್ಚಿತ್ತು. ಅವರು ತಲೆ ಅಲ್ಲಾಡಿಸಿ, "ಫಿಲ್ಟರ್ ವಿಷಯ ಬಿಡಿ" ಅಂದರು. ಮನಸ್ಸಿನಲ್ಲಿ ಚಾಚಾಗೆ ಕೈ ಮುಗಿದೆ.

ಟರ್ಬೋ, ಆಯಿಲ್ ಪೈಪು, ಗ್ಯಾಸ್ಕೆಟ್ ಎಲ್ಲಾ ವಾರಂಟಿಯಲ್ಲಿ ಬಂತು. ಆಯಿಲ್, ಕೂಲೆಂಟ್‌ಗೆ 4,200 ನಾನೇ ಕಟ್ಟಿದೆ. ಗಾಡಿ 26 ದಿನ ನಿಂತಿದ್ದಕ್ಕೆ ಒಂದು ಪೈಸೆ ಸಿಗಲಿಲ್ಲ. ಅದಕ್ಕೆ ಆಯೋಗಕ್ಕೆ ಹೋಗಬಹುದಿತ್ತು. ಇಎಂಐ ತಲೆ ಮೇಲಿತ್ತು, ಬಾಡಿಗೆ ಕಾಯುತ್ತಿತ್ತು, ಬಿಟ್ಟೆ. ಬಿಟ್ಟದ್ದು ಸರಿಯೋ ತಪ್ಪೋ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಹೊರಗಿನ ಪಾರ್ಟ್ ಹಾಕಿದವರದ್ದೆಲ್ಲ ನ್ಯಾಯ ಅಂತ ನಾನು ಹೇಳುವುದಿಲ್ಲ. ನಮ್ಮ ಸ್ಟ್ಯಾಂಡಿನ ಒಬ್ಬ ಗೆಳೆಯ ಜಾಸ್ತಿ ಬೆಳಕು ಬೇಕು ಅಂತ ಹೆಡ್‌ಲೈಟ್ ವೈರ್ ಕತ್ತರಿಸಿ, ಟೇಪ್ ಸುತ್ತಿ ದೊಡ್ಡ ಲೈಟ್ ಹಾಕಿಸಿದ್ದ. ವೈರಿಂಗ್ ಸುಟ್ಟು ಹೋಯಿತು. ಕತ್ತರಿಸಿದ ಜಾಗದಲ್ಲೇ ಸುಟ್ಟಿತ್ತು. ಅವನಿಗೆ ವಾರಂಟಿ ಇಲ್ಲ ಅಂದದ್ದು ಸರಿಯೇ. ಅವನೂ ನನ್ನ ಹಾಗೆ ಮೇಲ್ ಹಾಕು ಅಂತ ಬಂದಿದ್ದ, ಫೋಟೋ ನೋಡಿ ನಾನೇ ಬೇಡ ಅಂದೆ. ಆದರೆ ಆ ವೈರಿಂಗ್ ತೋರಿಸಿ ಅವನ ಗೇರ್‌ಬಾಕ್ಸಿಗೂ ವಾರಂಟಿ ಇಲ್ಲ ಅಂದಿದ್ದರೆ ನಾನೇ ಜೊತೆಗೆ ಹೋಗುತ್ತಿದ್ದೆ.

ಮೊನ್ನೆ 80 ಸಾವಿರದ ಸರ್ವಿಸ್‌ಗೆ ಹೋಗಿದ್ದೆ. ಈಗಲೂ ಅಂಗಡಿ ಫಿಲ್ಟರೇ ಹಾಕಿದ್ದೇನೆ, ಅದೇ ಬ್ರ್ಯಾಂಡು. ಅದೇ ಅಡ್ವೈಸರ್ ಹುಡುಗ ಡಬ್ಬಿ ಬಿಚ್ಚಿ ನೋಡಿ, ಜಾಬ್ ಕಾರ್ಡಿನಲ್ಲಿ "ಫಿಲ್ಟರ್ ಹೊರಗಿನದು, ಕಂಡೀಷನ್ ಓಕೆ" ಅಂತ ಬರೆದು ನನ್ನ ಸಹಿ ಕೇಳಿದ. ಮೊದಲು ನೀನು ಹಾಕು ಅಂದೆ. ನಗುತ್ತಾ ಹಾಕಿದ. ಅದರ ಕೆಳಗೆ ನಾನೂ ಹಾಕಿ, ಫೋಟೋ ತೆಗೆದುಕೊಂಡು ಹೊರಗೆ ಬಂದೆ.