ನೀರಿನ ಬಿಲ್ ಜಾಸ್ತಿ ಬಂತಾ? ಕಲಬುರಗಿಯವರು ಮೊದಲು ಹೀಗೆ ಮಾಡಿ

ಬಿಲ್ ನೋಡಿ ಗಾಬರಿಯಾಗಬೇಡಿ. ಮೊದಲು ಮೀಟರ್ ಹತ್ತಿರ ಹೋಗಿ, ಮೇಲಿನ ಧೂಳು ಒರೆಸಿ. ಸಾಮಾನ್ಯವಾಗಿ ಕಪ್ಪು ಅಂಕಿ ಕಿಲೋಲೀಟರ್ ಲೆಕ್ಕ, ಅದು ಒಂದು ಅಂಕಿ ಮುಂದೆ ಹೋದರೆ 1000 ಲೀಟರ್ ಬಂತು ಅಂತ. ಕೆಂಪು ಅಂಕಿ ಅದರ ಚಿಲ್ಲರೆ. ಬಿಲ್ಲಿನಲ್ಲಿರುವ ರೀಡಿಂಗ್ ಮೀಟರಿಗಿಂತ ಜಾಸ್ತಿ ಇದ್ದರೆ ತಪ್ಪು ಅಲ್ಲೇ ಸಿಕ್ಕಿತು. ಅವತ್ತೇ ಫೋಟೋ ತೆಗೆದಿಡಿ.

ರೀಡಿಂಗ್ ಸರಿ ಇದ್ದರೆ ಸೋರಿಕೆ ಹುಡುಕಿ. ನಳದಲ್ಲಿ ನೀರು ಬರುವಾಗ ಮನೆಯ ಎಲ್ಲ ನಳ ಬಂದ್ ಮಾಡಿ, ಸಂಪ್ ಪೂರ್ತಿ ತುಂಬಲಿ, ಆಮೇಲೆ ಮೀಟರ್ ಮುಂದೆ ಹತ್ತು ನಿಮಿಷ ಕೂತುಬಿಡಿ. ಮುಳ್ಳು ನಿಲ್ಲಬೇಕು. ನಮ್ಮ ಮನೆಯಲ್ಲಿ ನಿಲ್ಲಲೇ ಇಲ್ಲ. ಸಂಪ್ ತುಂಬಿದಾಗ ನೀರು ನಿಲ್ಲಿಸುವ ಬಾಲ್ ವಾಲ್ವ್ ಕೆಟ್ಟು, ಹೆಚ್ಚಾದ ನೀರು ಹೊರಹೋಗುವ ಮೇಲಿನ ಪೈಪಿನಿಂದ ನೀರು ಸದ್ದಿಲ್ಲದೆ ಗಟಾರಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರಲ್ಲಿ ಅಷ್ಟು ನೀರು ಸುಮ್ನೆ ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು.

ಇನ್ನೊಂದು ಮಾತು. ನೀರು ಬರುವ ಮುಂಚೆ ಪೈಪಿನಲ್ಲಿರುವ ಗಾಳಿ ಹೊರಗೆ ನುಗ್ಗುತ್ತದಲ್ಲ, ಆ ಗಾಳಿಗೂ ಮೀಟರ್ ತಿರುಗಬಹುದು. ಹಾಗೆ ಕಂಡರೆ ವಿಡಿಯೋ ಮಾಡಿಕೊಳ್ಳಿ.

ಈಗ ದೂರು ಯಾರಿಗೆ? ಇಲ್ಲೇ ಜನ ಗೊಂದಲಕ್ಕೆ ಬೀಳುವುದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮೂರಿನ ಕೆಲವು ಬಡಾವಣೆಗಳಲ್ಲೂ 24 ಗಂಟೆ ನೀರಿನ ಪ್ರಯೋಗ ನಡೆದಾಗ ಅದನ್ನು ನಡೆಸಿದ್ದು ಖಾಸಗಿ ಕಂಪನಿ. ಊರಿಡೀ ಆ ವ್ಯವಸ್ಥೆ ತರುವ ಗುತ್ತಿಗೆಯೂ ಖಾಸಗಿಯವರಿಗೇ ಹೋಯಿತು. ಆದರೆ ಪೈಪು, ಟಾಕಿ ಮಾರಿಬಿಟ್ಟಿಲ್ಲ, ಅವು ಸರ್ಕಾರದ ಕಡೆಯವೇ. ಕಂಪನಿ ಕೂಲಿ ಪಡೆದು ಕೆಲಸ ಮಾಡುತ್ತದೆ, ಊರಿಗೆ ಉತ್ತರ ಹೇಳಬೇಕಾದ್ದು ಮಹಾನಗರ ಪಾಲಿಕೆ. ಹಾಗಾಗಿ ಅರ್ಜಿಯನ್ನು ಪಾಲಿಕೆ ಆಯುಕ್ತರ ಹೆಸರಿಗೇ ಬರೆಯಿರಿ, ಗುತ್ತಿಗೆದಾರರಿಗೆ ಒಂದು ಪ್ರತಿ ಸಾಕು. ಬಾಯಿಮಾತಲ್ಲಿ ಹೇಳಿ ಬರಬೇಡಿ. ಬಿಲ್ಲಿನಲ್ಲಿರುವ ನಳದ ಸಂಪರ್ಕ ಸಂಖ್ಯೆ, ಎರಡು ದಿನದ ರೀಡಿಂಗ್, ಫೋಟೋ ಹಚ್ಚಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಎದ್ದು ಬನ್ನಿ.

ಕರೆಂಟ್ ದರಕ್ಕಾದರೆ ಕೆಇಆರ್‌ಸಿ ಅಂತ ಆಯೋಗ ಇದೆ, ದರ ಏರಿಸುವ ಮುಂಚೆ ಜನರ ಮಾತು ಕೇಳುತ್ತದೆ. ನಳದ ನೀರಿಗೆ ರಾಜ್ಯದಲ್ಲಿ ಅಂಥ ಆಯೋಗ ಇಲ್ಲ. ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ನಮ್ಮ ಕೈಲಿರುವುದು ಮಾಹಿತಿ ಹಕ್ಕು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ: ನನ್ನ ಮೀಟರ್ ಕೊನೆಗೆ ಯಾವಾಗ ಪರೀಕ್ಷೆ ಆಯಿತು, ಆ ವರದಿಯ ಪ್ರತಿ ಕೊಡಿ.