ಟಾರ್ಚಿಗೆ ಎರಡು ಸೆಲ್ ಹಾಕುವ ಮುನ್ನ

ಪುಣೆಯ ಚಾರಣ ಗೆಳೆಯರೇ, ರಾತ್ರಿ ರಾಜಗಡ ಕೋಟೆ ಹತ್ತುವವರು ಟಾರ್ಚ್ ಒಮ್ಮೆ ಬಿಚ್ಚಿ ನೋಡಿ. ಒಂದರ ಹಿಂದೊಂದು ಎರಡು 18650 ಅಳತೆಯ, ರೀಚಾರ್ಜ್ ಆಗುವ ಲಿಥಿಯಂ ಸೆಲ್ ಇದ್ದರೆ, ಒಟ್ಟಿಗೆ ಕೊಂಡ ಜೋಡಿಯೇ ಆಗಿರಲಿ. ನಾನು ಹಳೇ ಲ್ಯಾಪ್‌ಟಾಪಿನಿಂದ ಕಿತ್ತದ್ದನ್ನು ಹೊಸದರ ಜೊತೆ ಸೇರಿಸಿದ್ದೆ, ಜಿಪುಣತನ ನೋಡಿ! ಅರ್ಧ ಗಂಟೆಯಲ್ಲಿ ಟಾರ್ಚ್ ಮುಟ್ಟಲಾಗದಷ್ಟು ಬಿಸಿ. ಮೀಟರ್ ಹಿಡಿದರೆ ಹೊಸದು 3.7 ವೋಲ್ಟ್, ಹಳೇದು 1.9. ಸೊರಗಿದ ಸೆಲ್ ಮೊದಲು ಖಾಲಿಯಾಗುತ್ತದೆ. ಆದರೂ ಇನ್ನೊಂದು ಅದರ ಮೂಲಕವೇ ಕರೆಂಟ್ ತಳ್ಳುತ್ತಿರುತ್ತದೆ. ಆಗ ಅದು ಉಲ್ಟಾ ಚಾರ್ಜ್ ಆಗಿ ಸಿಡಿಯಲೂಬಹುದು. ಮುಚ್ಚಿದ ಲೋಹದ ಕೊಳವೆ ಬೇರೆ, ಗ್ಯಾಸ್ ಹೋಗಲು ದಾರಿ ಎಲ್ಲಿ? ಎರಡು ಸೆಲ್ಲಿನ ವೇಪ್‌ಗಳಲ್ಲೂ (ಇ-ಸಿಗರೇಟ್) ಇದೇ ಅಪಾಯ. ನಮ್ಮಲ್ಲಿ ಅವು 2019ರಿಂದ ನಿಷೇಧ, ಆ ಮಾತು ಬಿಡಿ. ಪೂರ್ತಿ ಚಾರ್ಜಾದಾಗ ಎರಡೂ 4.2ರ ಹತ್ತಿರ ತೋರಿಸಬೇಕು. ಹೊರಗಿನ ಪ್ಲಾಸ್ಟಿಕ್ ಹರಿದಿದ್ದರೆ ಹಾಕಲೇಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ ಇರುವ ಜೇಬಿಗೆ ಸುಮ್ನೆ ತುರುಕಬೇಡಿ, ಶಾರ್ಟ್ ಆಗುತ್ತೆ.