ಪೂರ್ವಪಕ್ಷ ಹೇಳಿದ ಮೇಲೆಯೇ ಉತ್ತರ: ಮಗಳೊಂದಿಗೆ ಮಾಡಿ ನೋಡಿದ ಅನುಭವ

ಎದುರಿನವರ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಮೊದಲು ತನ್ನ ಮಾತಿನಲ್ಲಿ ಹೇಳಿ ಆಮೇಲಷ್ಟೇ ಉತ್ತರ ಕೊಡುವ ಕ್ರಮವನ್ನು ಮಗಳಿಗೆ ಮನೆಯಲ್ಲೇ ಕಲಿಸಿದೆ. ಎರಡು ಮಳೆಗಾಲ ಕಳೆದ ಮೇಲೆ, ಈ ಕ್ರಮ ಫಲ ಕೊಟ್ಟಿದೆ ಎಂದು ಧೈರ್ಯವಾಗಿ ಬರೆಯಬಲ್ಲೆ. ಆರಂಭಿಸಿದಾಗ ಕೊಪ್ಪದ ನಮ್ಮ ಬಂಧುಗಳು, ಹುಡುಗಿ ಹಿರಿಯರಿಗೆ ಎದುರು ಮಾತನಾಡುವುದನ್ನು ಕಲಿತಾಳೇ ಹೊರತು ಬೇರೇನೂ ಆಗದು ಎಂದಿದ್ದರು. ಈಗ ಅವರೇ ತಮ್ಮ ಮಕ್ಕಳನ್ನು ರಜೆಯಲ್ಲಿ ನಮ್ಮ ಮನೆಗೆ ಕಳುಹಿಸುತ್ತಾರೆ.

ಅದಕ್ಕೆ ಮೊದಲು ಹಣ ಸಾಕಷ್ಟು ಹೋಗಿತ್ತು. ವ್ಯಕ್ತಿತ್ವ ವಿಕಸನದ ಬೇಸಿಗೆ ಶಿಬಿರಕ್ಕೆ ಸುಮಾರು 4,000 ರೂಪಾಯಿ, ಓಡಾಟಕ್ಕೆ ಇನ್ನೊಂದು ಸಾವಿರ. ಮಗಳು ಅಲ್ಲಿ ಬಾಯಿಪಾಠದ ಭಾಷಣವನ್ನು ಚೆನ್ನಾಗಿ ಒಪ್ಪಿಸಲು ಕಲಿತಳು. ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಲು ಕಲಿಯಲಿಲ್ಲ. ಬಳಿಕ ಮುನ್ನೂರು ರೂಪಾಯಿ ಕೊಟ್ಟು ಮರಳು ಗಡಿಯಾರ ತರಿಸಿ, ಸರದಿಯಂತೆ ಮಾತನಾಡುವ ನಿಯಮ ಮಾಡಿದೆವು. ಮಕ್ಕಳೆಲ್ಲ ಮರಳು ಇಳಿಯುವುದನ್ನೇ ನೋಡುತ್ತ ಕುಳಿತರು. ಯಾರ ಮಾತೂ ಯಾರ ಕಿವಿಗೂ ಬೀಳಲಿಲ್ಲ. ಕೇಳಿದ್ದನ್ನು ಮರಳಿ ಹೇಳಿಸಿದರೆ ಗಿಳಿಪಾಠವಷ್ಟೇ ಬಂತು.

ದಾರಿ ತೋರಿದ್ದು ಯಕ್ಷಗಾನದ ಮಾತುಗಾರಿಕೆಯ ರೂಪವಾದ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ, ಪಾತ್ರದ ಮಾತನಾಡುವ ಅರ್ಥಧಾರಿ ಕುಳಿತಲ್ಲೇ ಆಶುವಾಗಿ ವಾದ ಹೂಡಬೇಕು. ಎದುರಿನವರ ಮಾತಿನ ಎಳೆ ಹಿಡಿಯದವರು ಎಷ್ಟೇ ಓದಿಕೊಂಡಿದ್ದರೂ ಅಲ್ಲಿ ಸೋಲುತ್ತಾರೆ. ರಾತ್ರಿ ಊಟದ ನಂತರದ ಕಾಲು ಗಂಟೆಗೆ ಇದನ್ನೇ ಅಳವಡಿಸಿದೆ. ಉತ್ತರ ಕೊಡುವ ಮೊದಲು ಎದುರಿನವರ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಅದೇ" ಎಂದು ಒಪ್ಪಿದ ಮೇಲಷ್ಟೇ ಉತ್ತರ. ತಕರಾರು ಬಂದರೆ ತೀರ್ಪು ನಮ್ಮ ಅತ್ತೆಯವರದು.

ಮೊದಲ ವಿಷಯ ವಾಲಿಯ ವಧೆ. ಮಗಳು ವಾಲಿ, ನಾನು ರಾಮ. ಹೆಚ್ಚುಕಡಿಮೆ ಒಂದೂವರೆ ತಿಂಗಳು ನಾವು ಪೂರ್ವಪಕ್ಷವನ್ನೇ ದಾಟಲಿಲ್ಲ. ನಾನು ದಂಡನೆಯ ಮಾತೆತ್ತಿದರೆ, ಅವಳು ಅದನ್ನು "ರಾಮ ಹೆದರಿ ಅಡಗಿದ" ಎಂದು ತನಗೆ ಗೆಲ್ಲಲು ಸುಲಭವಾಗುವಂತೆ ತಿರುಗಿಸಿ ಹೇಳುತ್ತಿದ್ದಳು. ಅತ್ತೆಯವರು ಪ್ರತಿ ಸಲವೂ ತಲೆಯಾಡಿಸಿ ನಿರಾಕರಿಸುತ್ತಿದ್ದರು. ಕೈಬಿಡುವ ಮನಸ್ಸಾಗುವುದು ಈ ಹಂತದಲ್ಲೇ. ಕೊನೆಗೊಂದು ರಾತ್ರಿ ಅವಳು, "ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಕೊಟ್ಟದ್ದು ಶಿಕ್ಷೆ, ಆದ್ದರಿಂದ ಯುದ್ಧದ ನಿಯಮ ಇಲ್ಲಿಗೆ ಸಲ್ಲದು ಎನ್ನುತ್ತೀಯ" ಎಂದು ನನ್ನ ವಾದವನ್ನು ನನಗಿಂತ ಚೆನ್ನಾಗಿ ಹೇಳಿ, "ಶಿಕ್ಷೆಯಾದರೆ ಮೊದಲು ವಿಚಾರಣೆ ಎಲ್ಲಿ ನಡೆಯಿತು?" ಎಂದು ಕೇಳಿದಳು. ಅಂದಿನ ಗೆಲುವು ವಾಲಿಯದೆಂದು ಅತ್ತೆಯವರು ತೀರ್ಪಿತ್ತರು. ಅಂಥ ಪ್ರಶ್ನೆಯನ್ನು ಯಾವ ಶಿಬಿರವೂ ಅವಳಿಂದ ಹೊರಡಿಸಿರಲಿಲ್ಲವೆಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿಸಿ ಮೂರು ಸುದ್ದಿ ಹೇಳಿಸಿದ್ದು ವಾರದೊಳಗೆ ಬೇಸರ ತಂದಿತು. ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ ಅಚ್ಚರಿಯ ಫಲ ಸಿಕ್ಕಿತು: ಕೈಗೆ ಕೆಲಸವಿದ್ದು, ಎದುರಿನವರ ಮುಖ ನೋಡುವ ಅಗತ್ಯವಿಲ್ಲದಿದ್ದಾಗ, ಬಾಯಿ ಬಿಡದ ಮಕ್ಕಳೂ ಮಾತಿಗೆ ಇಳಿದರು. ಬಲು ನಾಚಿಕೆಯ ಮಗುವನ್ನು ಮೊದಲ ಮಾತಿಗೆ ಎಳೆಯಲು ನನ್ನಲ್ಲಿ ಇನ್ನೊಂದು ಉಪಾಯವಿದೆ. ಅದನ್ನು ಸದ್ಯ ಇಲ್ಲಿ ಬರೆಯುವುದಿಲ್ಲ.

ಈಗ ಮೂಡಿಗೆರೆ ಕಡೆಯ ತೋಟಗಳಿಗೆ ಬರುವ ಆನೆಗಳನ್ನು ಹಿಡಿದು ಸಾಗಿಸಬೇಕೇ ಎಂಬ ವಾದ ನಡೆದಿದೆ. ಮಗಳು ಆನೆಯ ಪಕ್ಷ. ಬರುವ ವಾರದಿಂದ ಬೆಳೆಗಾರರ ಪಕ್ಷ ವಹಿಸಬೇಕೆಂದು ಹೇಳಿದ್ದೇನೆ, ಇನ್ನೂ ಒಪ್ಪಿಲ್ಲ.